ಅಸಲಿಗೆ

ಬಾಗಿಲಲ್ಲಿ ನಿಂತ ಕಾವಲಿನವನು ಆಕಳಿಸಿದ, ಮೇಲಿನ ಬಲಗಡೆ ಎರಡು ಹಲ್ಲಿಲ್ಲ, ಮೂರನೆಯದು ಅಲ್ಲಾಡುತ್ತಿರಬೇಕು, ಇನ್ನೊಂದು ವರ್ಷ ಬಾಳಿದರೆ ಹೆಚ್ಚು — ಥೂ, ಇವತ್ತಾದರೂ ಕಂಡವರ ಬಾಯಿಗೆ ಇಣುಕುವುದನ್ನು ಬಿಡಬಾರದೇ ಎಂದು ಹಲ್ಲಕ್ಕ ತನ್ನನ್ನೇ ಗದರಿಕೊಂಡಳು, ಗದರಿಕೊಂಡರೂ ನಗು ನಿಲ್ಲಲಿಲ್ಲ, ಬೆಳಿಗ್ಗೆಯಿಂದ ಇದೇ ಪಾಡು, ಹಲ್ಲುಜ್ಜುವಾಗ ನಗು, ಬಸ್ಸಿನಲ್ಲಿ ನಗು, ಪಕ್ಕದಲ್ಲಿ ಕೂತಿದ್ದವಳು ಎದ್ದು ಬೇರೆ ಸೀಟಿಗೆ ಹೋದಳು ಪಾಪ, ಹೋದರೆ ಹೋಗಲಿ, ಇಪ್ಪತ್ತು ವರ್ಷಕ್ಕೆ ಬರಬೇಕಾದ ದಿನ ಹನ್ನೆರಡಕ್ಕೇ ಬಂದಿದೆ, ತಾನಾಗಿ ಬಂತೇ, ಕುತ್ತಿಗೆ ಹಿಡಿದು ಎಳಕೊಂಡು ಬಂದದ್ದು. ಬ್ಯಾಂಕಿನ ಗೋಡೆಯ ಮೇಲೆ ಕೆಂಪು ಅಂಕಿ ನಲವತ್ತೊಂದು, ಇವಳ ಕೈಯಲ್ಲಿರುವ ಚೀಟಿ ನಲವತ್ತೇಳು, ಮಡಿಲಲ್ಲಿ ಕೈಚೀಲ, ಚೀಲದೊಳಗೆ ಎಪ್ಪತ್ತು ಸಾವಿರದ ಐನೂರು, ಅದರ ಮೇಲೆ ನೀಲಿ ರಟ್ಟಿನ ಪುಸ್ತಕ, ಪುಸ್ತಕದ ಕೊನೆಯ ಸಾಲಿನಲ್ಲಿ ಮನೆಸಾಲದ ಬಾಕಿ, ಅದೂ ಎಪ್ಪತ್ತು ಸಾವಿರದ ಐನೂರೇ, ಅದರ ಕೆಳಗೆ ಒಂದು ಸೊನ್ನೆ ಬರೆಯಲು ಜಾಗ ಬಿಟ್ಟಿದ್ದಾಳೆ, ಸೊನ್ನೆಗೆಂದೇ ಹೊಸ ಪೆನ್ನು ತಂದಿದ್ದಾಳೆ, ಗಂಡನಿಗೆ ತಿಳಿದಿದ್ದರೆ ಸೊನ್ನೆಗ್ಯಾಕೇ ಹೊಸ ಪೆನ್ನು ಅನ್ನುತ್ತಿದ್ದ, ಅವನಿಗೆ ತಿಳಿದಿಲ್ಲ, ಶಾಲೆಯ ಬಸ್ಸು ಓಡಿಸುವ ಮನುಷ್ಯ, ಇನ್ನೂ ಎರಡು ವರ್ಷ ಸಾಲವಿದೆ ಎಂದುಕೊಂಡು ಈಗ ಯಾವುದೋ ತಿರುವಿನಲ್ಲಿ ಮಕ್ಕಳನ್ನು ಇಳಿಸುತ್ತಿರುತ್ತಾನೆ. ಅವನಿಗೂ ಹೇಳದೆ ಇಟ್ಟುಕೊಂಡ ಗುಟ್ಟು ಇದು, ವೃದ್ಧಾಶ್ರಮದಿಂದ ಒಂದೇ ಸಲಕ್ಕೆ ನಲವತ್ತು ಹಲ್ಲುಸೆಟ್ಟಿನ ಆರ್ಡರು ಬಂದಾಗಲೇ ಲೆಕ್ಕ ಹಾಕಿದ್ದಳು, ನಾಲ್ಕು ತಿಂಗಳು ಭಾನುವಾರ ಎಂಬುದೇ ಇಲ್ಲದೆ ದುಡಿದಳು, ಬೆರಳ ತುದಿಗೆ ಮೇಣ ಅಂಟಿ ಅಂಟಿ ಫೋನು ಕೂಡ ಇವಳ ಹೆಬ್ಬೆಟ್ಟು ಗುರುತಿಸುವುದನ್ನು ಬಿಟ್ಟಿತು. ನಲವತ್ತೆರಡು.

ಹಲ್ಲಕ್ಕ ಎಂಬುದು ಲ್ಯಾಬಿನವರು ಇಟ್ಟ ಹೆಸರು, ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಆ ಅಚ್ಚಿನ ಮೇಲೆ ಮೇಣದಲ್ಲಿ ಒಸಡು ಕೂರಿಸಿ ಒಂದೊಂದೇ ಹಲ್ಲು ನೆಟ್ಟು ಬೇಯಿಸಿ ತೀಡಿ ಹೊಳಪು ಕೊಡುವವಳು ಇವಳು, ಇಪ್ಪತ್ತಾರು ವರ್ಷವಾಯಿತು, ಮುಖ ನೋಡದೆ ಬಾಯಿ ಮಾತ್ರ ಬಲ್ಲವಳು, ಅಚ್ಚು ಕೈಗೆತ್ತಿಕೊಂಡರೆ ಇವನು ಎಡಗಡೆಯಲ್ಲಿ ಅಗಿಯುವವನು, ಇವಳು ನಿದ್ದೆಯಲ್ಲಿ ಹಲ್ಲು ಕಡಿಯುವವಳು ಎಂದು ಜಾತಕ ಹೇಳಿಬಿಡುತ್ತಾಳೆ. ಬೇರೆಯವರ ಮನೆ ಇಟ್ಟಿಗೆಯಿಂದ ಎದ್ದಿದ್ದರೆ ಇವಳದು ಹಲ್ಲಿನಿಂದ ಎದ್ದದ್ದು, ಸಂಬಳವೆಲ್ಲ ಮಾಮೂಲಿ ಕಂತಿಗೆ, ಮೇಲ್ಕೆಲಸದಿಂದ ಬಂದದ್ದೆಲ್ಲ ಸಾಲದ ತಲೆಯ ಮೇಲೆ, ಹಾಗಾಗಿ ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಯಾವುದನ್ನು ಮುಟ್ಟಿದರೂ ಒಂದು ಬಾಯಿ ನೆನಪಾಗುತ್ತದೆ, ಅಡುಗೆಮನೆಯ ಕಿಟಕಿ ಎಂದರೆ ನಿವೃತ್ತ ಹೆಡ್‌ಮಾಸ್ತರರ ಮೇಲಿನ ಸೆಟ್ಟು, ಬಚ್ಚಲಿನ ಬಾಗಿಲು ಎಂದರೆ ಹಾಡುವ ಮುದುಕಿಯ ಕೆಳಗಿನ ಸೆಟ್ಟು, ಸ ಅಂದ್ರೆ ಶಿಳ್ಳೆ ಬರತ್ತೆ ಕಣಮ್ಮ ಎಂದು ಮೂರು ಸಲ ವಾಪಸು ಕಳಿಸಿ ಜೀವ ತಿಂದವಳು, ಅವಳ ಬಾಗಿಲೂ ಇವತ್ತಿನವರೆಗೆ ಕಿರ್ರೆನ್ನುತ್ತದೆ. ಹನ್ನೆರಡು ವರ್ಷದ ಹಿಂದೆ ಈ ಬ್ಯಾಂಕಿಗೆ ಬಂದಾಗ ಏನೂ ತಿಳಿಯದು, ಕಂತಿನ ಮೇಲೆ ಒಂದಿಷ್ಟು ಹೆಚ್ಚಿಗೆ ಕಟ್ಟುವಾಗ ಚೀಟಿಯಲ್ಲಿ ಮುಂಗಡ ಎಂದು ಬರೆದಳು, ಹದಿನಾಲ್ಕು ತಿಂಗಳು ಹಾಗೇ ಬರೆದಳು, ನೋಡಿದರೆ ಸಾಲ ಕುಳಿತಲ್ಲಿಂದ ಕದಲಿಲ್ಲ, ಆಗ ಕೌಂಟರಿನಲ್ಲಿದ್ದ ದಪ್ಪ ಕನ್ನಡಕದ ಹಿರಿಯರು, ಈಗ ನಿವೃತ್ತರಾಗಿರಬೇಕು, ಅವರ ಕೆಳದವಡೆ ಮಾತ್ರ ಚೆನ್ನಾಗಿ ನೆನಪಿದೆ, ಕರೆದು ಹೇಳಿದರು, ಅಲ್ಲಮ್ಮಾ, ಮುಂಗಡ ಅಂತ ಬರೆದ್ರೆ ಆ ದುಡ್ಡು ಮುಂದಿನ ಕಂತಿಗೆ ಕಾಯ್ತಾ ಕೂತಿರತ್ತೆ, ಬಡ್ಡಿ ತನ್ನ ಪಾಡಿಗೆ ತಾನು ಮೇಯ್ತಿರತ್ತೆ, ಅಸಲಿಗೆ ಅಂತ ಬರೀರಿ, ಬುಡಕ್ಕೇ ಕೊಡಲಿ ಬೀಳತ್ತೆ. ಆ ರಾತ್ರಿ ಊಟಕ್ಕೆ ಕೂತವರಿಗೆಲ್ಲ ಪಾಠ ಮಾಡಿದಳು, ಗಂಡ, ಅತ್ತೆ, ಇಬ್ಬರೇ ಇದ್ದದ್ದು, ನೋಡಿ, ಇನ್ಮೇಲೆ ಯಾರು ಕಟ್ಟಿದ್ರೂ ಚೀಟೀಲಿ ಅಸಲಿಗೆ ಅಂತ ಬರೀಬೇಕು, ಇಲ್ದಿದ್ರೆ ನಾವು ದುಡಿದಿದ್ದೆಲ್ಲ ಬಡ್ಡಿ ಬಾಯಿಗೆ, ಬಡ್ಡಿಗೆ ಹಲ್ಲು ಬೀಳೋದೇ ಇಲ್ಲ, ತಿಳೀತಾ, ಗಂಡ ತುತ್ತು ನುಂಗಿ, ಅಸಲಿಗೆ ನೀನು ಏನ್ ಹೇಳ್ತಿದ್ದೀಯಾಂತ ಕೇಳಿದ, ಅವನ ಹಾಸ್ಯ ಅಷ್ಟರಲ್ಲೇ. ಅಂದಿನಿಂದ ಪ್ರತಿಸಲವೂ ಕೌಂಟರಿನವರು ಅದೇ ಪ್ರಶ್ನೆ, ಕಂತು ಇಳಿಸೋದಾ ವರ್ಷ ಇಳಿಸೋದಾ, ಇವಳದು ಅದೇ ಉತ್ತರ, ವರ್ಷ ಇಳಿಸಿ, ಆ ಎರಡು ಮಾತು ಹೇಳುವ ಸುಖಕ್ಕೇ ತಿಂಗಳೆಲ್ಲ ದುಡಿದಂತಿತ್ತು. ಮೊದಲ ಎಂಟು ವರ್ಷ ತನ್ನ ಪುಸ್ತಕ, ಬ್ಯಾಂಕಿನ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದಳು, ಚಿಕ್ಕಾಸಿನ ವ್ಯತ್ಯಾಸವಿಲ್ಲ, ಆಮೇಲೆ ನೋಡುವುದನ್ನೇ ಬಿಟ್ಟಳು, ಬ್ಯಾಂಕಿನ ಕಾಗದಗಳು ಗಂಡನ ಫೋನಿಗೆ ಬಂದು ಬೀಳುತ್ತವೆ, ಅವನು ತೆರೆಯದ ಸಂದೇಶ ಸಾವಿರದ ಎಂಟುನೂರು, ಅದರಲ್ಲಿ ಇದನ್ನು ಯಾರು ಹುಡುಕುತ್ತಾರೆ. ನಲವತ್ತನಾಲ್ಕು, ಅರೆ, ನಲವತ್ತಮೂರು ಯಾವಾಗ ಹೋಯಿತು.

ಇನ್ನು ಮೂರು ಜನ, ಮೂರು ಜನವಾದ ಮೇಲೆ ಮನೆ ತನ್ನದು, ಮನೆ ತನ್ನದಾದ ಮೇಲೆ ಚಿಕ್ಕ ಕೋಣೆ ತನ್ನದು, ಅದನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ, ಕಿಟಕಿಯ ಕೆಳಗೆ ಉದ್ದದ ಮೇಜು, ಮೇಜಿನ ಮೇಲೆ ದೀಪ, ತೀಡುವ ಯಂತ್ರ ಬಲಗಡೆ, ಪ್ಲಾಸ್ಟರಿನ ಡಬ್ಬ ಎಡಗಡೆ, ಬಾಗಿಲ ಮೇಲೆ ತನ್ನದೇ ಬೋರ್ಡು, ಲ್ಯಾಬಿನ ಯಜಮಾನನಿಗೆ ಹೊತ್ತುಹೊತ್ತಿಗೆ ಸಲಾಮು ಹೊಡೆಯುವುದು ಇನ್ನು ಸಾಕು, ಇಬ್ಬರು ಡಾಕ್ಟರು ಆಗಲೇ ಮಾತು ಕೊಟ್ಟಿದ್ದಾರೆ, ನೀವು ಸ್ವಂತ ಶುರು ಮಾಡಿ, ಕೆಲಸ ನಾವು ಕಳಿಸ್ತೀವಿ. ಕೋಣೆಯಲ್ಲಿ ಈಗ ಅತ್ತೆಯ ಮಂಚವಿದೆ, ಇದ್ದರೆ ಏನು, ಮಂಚಕ್ಕೆ ಕಾಲಿದೆ, ಅತ್ತೆಗೆ ಮಗಳಿದ್ದಾಳೆ, ಮಗಳ ಮನೆಯಲ್ಲಿ ಮೂರು ಕೋಣೆಯಿದೆ, ಕಳೆದ ವರ್ಷ ಅಡುಗೆಮನೆಯಲ್ಲಿ ನಿಂತು ಗಂಡನಿಗೆ ಬಿಡಿಸಿ ಹೇಳಿದ್ದಳು, ಅವನು ಲೋಟ ತೊಳೆದದ್ದನ್ನೇ ತೊಳೆಯುತ್ತ ಅಂದ, ಸಾಲ ಒಂದು ತೀರ್ಲಿ ಕಣೇ, ತೀರಿದ್ ದಿನಾನೇ ಅಮ್ಮನ್ನ ತಂಗಿ ಮನೇಲಿ ಬಿಟ್ಟು ಬರ್ತೀನಿ. ಇನ್ನೂ ಮೂರು ವರ್ಷ ತಳ್ಳಿದೆ ಎಂದುಕೊಂಡಿರಬೇಕು, ಹೆಂಡತಿಯ ಕೈಚಳಕ ಅವನಿಗೇನು ಗೊತ್ತು. ಇದನ್ನು ಕೇಳಿದವರು ಇವಳನ್ನು ಕಲ್ಲೆದೆಯವಳು ಎಂದಾರು, ಅನ್ನಲಿ, ಅತ್ತೆಯ ಜೊತೆ ಇವಳಿಗೆ ಮೊದಲಿನಿಂದ ಹೀಗಿರಲಿಲ್ಲ, ಅತ್ತೆಗೆ ಹ ಎಂಬ ಅಕ್ಷರ ಬಾಯಿಗೆ ಬರುವುದಿಲ್ಲ, ನೆರೆಯವರಿಗೆಲ್ಲ ಹೆಮ್ಮೆಯಿಂದ, ನನ್ ಸೊಸೆ ಅಲ್ಲಿನ ಡಾಕ್ಟ್ರು, ಅವರು, ಎಲ್ಲಿನ ಡಾಕ್ಟ್ರು, ಇವರು ಸಿಟ್ಟಾಗಿ, ಅಲ್ಲಿನ ಅಂದ್ನಲ್ಲ, ಅಲ್ಲಿನ — ಮನೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು, ಬರೆಯುವಾಗ ಇದರ ತಿರುಗಾಮುರುಗಾ, ಎಲ್ಲಿ ಹ ಬಿಟ್ಟುಹೋದೀತೋ ಎಂಬ ಹೆದರಿಕೆಗೆ ಅ ಇರಬೇಕಾದಲ್ಲೆಲ್ಲ ಹ, ಒಮ್ಮೆ ಅಂಗಡಿಗೆ ಕೊಟ್ಟ ಚೀಟಿಯಲ್ಲಿ ಹಕ್ಕಿ ಐದು ಕೆಜಿ, ಅಂಗಡಿಯವನು ಜೀವಂತ ಬೇಕಾ ಅಮ್ಮಾ ಅಂತ ಕೇಳಿದ, ಇವಳೂ ಜೊತೆಗಿದ್ದಳು, ಅವನಿಗಿಂತ ಜೋರಾಗಿ ಇವಳೇ ನಕ್ಕಳು.

ಕೆಟ್ಟದ್ದು ಮೂರು ವರ್ಷದ ಹಿಂದೆ, ಅತ್ತೆಯ ಬಾಯಲ್ಲಿ ಉಳಿದಿದ್ದ ಹಲ್ಲುಗಳನ್ನೂ ಕೀಳಿಸಿದ ಮೇಲೆ, ಒಸಡು ಮಾಗಲೆಂದು ಎರಡು ತಿಂಗಳು ಕಾದು, ಹದಿನೆಂಟು ಸಾವಿರ ಎಣಿಸಿ ಕೈಗೆ ಕೊಟ್ಟಳು, ನಮ್ಮ ಪರಿಚಯದ ಡಾಕ್ಟರ ಹತ್ರ ಹೋಗಿ ಅಚ್ಚು ಕೊಟ್ಟು ಬನ್ನಿ ಅತ್ತೆ, ಒಳ್ಳೇ ಸಾಮಾನು ಹಾಕಿಸೋಣ, ಸೆಟ್ಟು ನಾನೇ ಮಾಡ್ತೀನಿ, ಊರಿನ ಬಾಯಿಗೆಲ್ಲ ಹಲ್ಲು ಕೊಟ್ಟವಳು ಸ್ವಂತ ಅತ್ತೆಗೆ ಕೊಡಲ್ವಾ, ಎಂಥ ಹಲ್ಲು ಎತ್ತಿಟ್ಟಿದ್ದಳು ಅತ್ತೆಗೆಂದು, ಚೂರೇ ಚೂರು ಹಳದಿ ಛಾಯೆ, ವಯಸ್ಸಿಗೆ ಒಪ್ಪುವಂಥದ್ದು, ನೋಡಿದವರಿಗೆ ಕಟ್ಟಿಸಿದ್ದು ಅಂತ ತಿಳಿಯಲೇಬಾರದು. ಅತ್ತೆ ಬಸ್ಸು ಹತ್ತಿ ಹೋದರು, ಮಧ್ಯಾಹ್ನ ತಿರುಗಿ ಬಂದರು, ಬರಿಬಾಯಲ್ಲೇ ಅಂದರು, ಬೇಡ ಅಂದ್ಬುಟ್ಟೆ ಕಣಮ್ಮ, ಓಗೋ ಕಾಲಕ್ಕೆ ನಂಗ್ಯಾಕೆ ಅಲ್ಲು, ದುಡ್ಡೆಲ್ಲಿ ಅತ್ತೆ ಎಂದರೆ, ಬೇಕಾದ್ ಕಡೆ ಆಕಿದ್ದೀನಿ ಬಿಡು. ಬೇಕಾದ ಕಡೆ, ಆಹಾ, ಅದೇ ತಿಂಗಳು ನಾದಿನಿಯ ಮನೆಗೆ ಎರಡು ಬಾಗಿಲಿನ ಫ್ರಿಜ್ಜು ಬಂತು, ಇವಳೇನು ಕಿವಿಯಲ್ಲಿ ಹೂವಿಟ್ಟುಕೊಂಡಿದ್ದಾಳೆಯೇ, ದುಡ್ಡು ಹೋದದ್ದಲ್ಲ ಉರಿ, ತನ್ನ ಕೈಯ ಹಲ್ಲು ಬೇಡ ಎಂದರಲ್ಲ ಅದು ಉರಿ, ಅಂದಿನಿಂದ ಮೂರು ವರ್ಷ ಇಬ್ಬರ ನಡುವೆ ಬೇಕಾದಷ್ಟೇ ಮಾತು, ಊಟ ಆಯ್ತಾ, ಆಯ್ತು, ಗ್ಯಾಸ್ ಬಂತಾ, ಬಂತು, ಅತ್ತೆ ಮೇಲಿನ ಮನೆಯ ಕೂಸನ್ನು ತಂದು ಸಾಕುತ್ತ ಕೂತರು, ಮಾಡಲು ಕೆಲಸವಿಲ್ಲದೆ ಪರರ ಕೂಸಿನ ಮೂತ್ರ ಬಳಿಯುವುದು, ಮನೆಯೆಲ್ಲ ಚಿಲ್ಲರೆ ಆಟಿಕೆ. ಆಗಲಿ, ಇವತ್ತಿಗೆ ಮುಗಿಯಿತು, ಇವತ್ತು ಮನೆಯ ಪತ್ರ ತಂದು ಅತ್ತೆಯ ಮುಂದೆ ಇಟ್ಟು ಹೇಳಬೇಕು, ಏನೆಂದು ಹೇಳಬೇಕು, ರಾತ್ರಿಯೆಲ್ಲ ಮಾತು ಜೋಡಿಸಿದ್ದಾಳೆ, ಅತ್ತೆ, ಸಾಲ ತೀರ್ತು, ನೀವಿನ್ನು ಬೇಕಾದ್ ಕಡೆ ಹೊರಡಬಹುದು — ಬೇಕಾದ ಕಡೆ ಎಂಬಲ್ಲಿ ಒಂದು ಒತ್ತು, ಆ ಒತ್ತಿನ ರುಚಿ ನಾಲಿಗೆಯ ತುದಿಯಲ್ಲೇ ಇದೆ, ಜೋರಾಗಿ ಅಂದೇಬಿಟ್ಟಳೇನೋ, ಕಾವಲಿನವನು ತಿರುಗಿ ನೋಡಿದ. ನಲವತ್ತೇಳು, ನಲವತ್ತೇಳು, ಎದ್ದಳು, ಕಾಲಿಗೆ ಚಪ್ಪಲಿ ಸಿಗಲಿಲ್ಲ, ಸಿಕ್ಕಿತು.

ಗಾಜಿನ ಹಿಂದೆ ಸಾಲದ ವಿಭಾಗದ ಮೇಡಂ, ಸಾಲು ತಪ್ಪದ ಹಲ್ಲು, ಎಂದೋ ತಂತಿ ಹಾಕಿಸಿದ್ದಿರಬೇಕು, ಹೇಳಿ ಮೇಡಂ, ಇವಳು ಖಾತೆಯ ನಂಬರನ್ನು ಬಾಯಿಪಾಠ ಒಪ್ಪಿಸಿ, ಮುಗಿಸೋಕ್ ಬಂದಿದ್ದೀನಿ ಅಂದಳು, ಹನ್ನೆರಡು ವರ್ಷ ವರ್ಷ ಇಳಿಸಿ ವರ್ಷ ಇಳಿಸಿ ಎಂದದ್ದು ಇವತ್ತು ಒಂದೇ ಮಾತಿಗೆ ಬಂತು, ಮುಗಿಸೋಕ್ ಬಂದಿದ್ದೀನಿ. ಮೇಡಂ ಕೀಲಿ ಒತ್ತಿ ಒತ್ತಿ ಪರದೆ ನೋಡಿದರು, ಒಳ್ಳೇದು ಮೇಡಂ, ಇವತ್ತಿನ ಲೆಕ್ಕಕ್ಕೆ ಮೂವತ್ತೇಳು ಸಾವಿರದ ಐನೂರ ಇಪ್ಪತ್ತು. ಅಲ್ಲ, ಎಪ್ಪತ್ತು ಸಾವಿರದ ಐನೂರು. ಮೂವತ್ತೇಳು ಸಾವಿರದ ಐನೂರ ಇಪ್ಪತ್ತು ಮೇಡಂ. ನನ್ ಪುಸ್ತಕದಲ್ಲಿ ಎಪ್ಪತ್ತೂವರೆ ಇದೆ, ನನ್ ಲೆಕ್ಕ ತಪ್ಪಲ್ಲ, ನೀವೇ ಇನ್ನೊಂದ್ಸಲ ನೋಡಿ. ಮೇಡಂ ನಕ್ಕುಬಿಟ್ಟರು, ಕಮ್ಮಿ ಹೇಳಿದ್ದಕ್ಕೆ ಜಗಳ ಆಡೋರನ್ನ ಇವತ್ತೇ ನೋಡಿದ್ದು ನಾನು. ಇವಳಿಗೂ ನಗು ಬಂತು, ಆದರೂ ಇದರಲ್ಲೇನೋ ಮಸಲತ್ತಿದೆ, ಈಗ ಕಮ್ಮಿ ಹೇಳಿ ಆಮೇಲೆ ಆರು ತಿಂಗಳಿಗೆ ಕಾಗದ ಕಳಿಸಿ ಪತ್ರ ತಡೆಹಿಡಿದರೆ, ಅಥವಾ ಬೇರೆ ಯಾರದೋ ದುಡ್ಡು ದಾರಿ ತಪ್ಪಿ ಬಂದಿದ್ದರೆ, ಇನ್ನೊಬ್ಬರ ಬೆವರಿನ ಮೇಲೆ ತನ್ನ ಸೊನ್ನೆ ಬೇಡ, ಇಲ್ಲವೇ ಗಂಡನೇ ಕಟ್ಟಿದನೋ, ಅವನು ಕಟ್ಟಿದ್ದರೆ ಸಂಜೆಯೊಳಗೆ ಬೀದಿಗೆಲ್ಲ ಹೇಳಿರುತ್ತಿದ್ದ. ತಡೀರಿ ಎಂದು ಮೇಡಂ ಪರದೆಯನ್ನು ಇವಳ ಕಡೆ ತಿರುಗಿಸಿದರು, ನೋಡಿ, ನೀವು ಖಾತೆಯಿಂದ ಕಟ್ಟಿದ್ದು ಇವೆಲ್ಲ, ಇವು ಬೇರೆ, ನಗದು, ಕೌಂಟರಲ್ಲೇ ಕಟ್ಟಿದ್ದು, ಮೂರು ವರ್ಷದ ಹಿಂದೆ ಒಂದೇ ಸಲ ಹದಿನೆಂಟು ಸಾವಿರ, ಆಮೇಲಿಂದ ತಿಂಗಳು ತಿಂಗಳು ಇನ್ನೂರು, ಈ ಹತ್ತು ತಿಂಗಳಿಂದ ನಾನೂರು, ಎಲ್ಲ ಅಸಲಿಗೇ ಹೋಗಿದೆ, ಅದರಿಂದ ಉಳಿದ ಬಡ್ಡಿನೂ ಸೇರಿ ಅಷ್ಟು ಇಳಿದಿದೆ. ಹದಿನೆಂಟು ಸಾವಿರ ಎಂದ ಕೂಡಲೇ ಇವಳ ಬೆರಳು ಚೀಲದ ಬಾಯಿಯನ್ನು ಬಿಗಿ ಹಿಡಿಯಿತು, ಅಷ್ಟರಲ್ಲಿ ಮೇಡಂ ಚೀಟಿಯ ಕಟ್ಟು ತರಿಸಿ ಬಿಡಿಸಿ ಮುಂದಿಟ್ಟರು, ಮೊದಲನೆಯದರಲ್ಲಿ ಬ್ಯಾಂಕಿನವರದೇ ಅಕ್ಷರ, ಎರಡನೆಯದರಲ್ಲಿ ಎಂದೂ ಮರೆಯಲಾಗದ ಅಕ್ಷರ, ಪೆನ್ನು ಒತ್ತಿ ಒತ್ತಿ ಬರೆದದ್ದು, ಹಸಲಿಗೆ.

ಹಸಲಿಗೆ, ಇನ್ನೂರು, ಹಸಲಿಗೆ, ಇನ್ನೂರು, ಹಸಲಿಗೆ, ನಾನೂರು — ಮೊದಲು ನಗುವೇ ಬಂತು, ಅಂಗಡಿಯಲ್ಲಿ ಬಂದಂಥದೇ ನಗು, ತಡೆಯಲಾಗದೆ ಜೋರಾಗಿ ನಕ್ಕಳು, ಮೇಡಂ ಕೂಡ ನಕ್ಕರು, ನಿಮ್ಮನೆ ಅಜ್ಜಿ ಅಲ್ವಾ, ತುಂಬ ಶಿಸ್ತು ಅವರದು, ಪ್ರತಿ ತಿಂಗಳು ಎರಡನೇ ತಾರೀಕು ಬಾಗಿಲು ತೆಗೆಯೋ ಹೊತ್ತಿಗೆ ಇಲ್ಲಿರ್ತಾರೆ, ಕೂತ್ಕೊಳ್ಳಿ ಅಂದ್ರೂ ಕೂರಲ್ಲ, ಮೊದಲ್ನೇ ಸಲ ಬಂದಾಗ ಅವರು ಹೇಳಿದ್ದು ನಮಗೆ ಅರ್ಥಾನೇ ಆಗ್ಲಿಲ್ಲ, ಹಲ್ಲಿಲ್ಲ ನೋಡಿ, ಏನಜ್ಜಿ ಏನಜ್ಜಿ ಅಂತ ಮೂರ್ನಾಲ್ಕು ಸಲ ಕೇಳಿದ್ವಿ, ಹಿಂದೆ ನಿಂತಿದ್ದೋರು ಯಾರೋ ನಕ್ಕರು, ಅದೇ ಕೊನೆ, ಆಮೇಲೆ ಮಾತೇ ಆಡಲ್ಲ, ಮನೆಯಿಂದ್ಲೇ ಬರ್ಕೊಂಡು ಬರ್ತಾರೆ, ಒಂದು ಕೈ ಹೀಗೆ ಬಾಯಿಗೆ ಅಡ್ಡ ಇಟ್ಕೊಂಡು, ಇನ್ನೊಂದು ಕೈಯಲ್ಲಿ ಚೀಟಿ ಒಳಗೆ ತಳ್ತಾರೆ. ಮೇಡಂ ಕೈ ಎತ್ತಿ ಹಾಗೆಯೇ ಮಾಡಿ ತೋರಿಸಿದರು, ಇವಳ ನಗು ಅಲ್ಲಿಗೇ ನಿಂತಿತು. ಬೇಕಾದ್ ಕಡೆ ಆಕಿದ್ದೀನಿ ಬಿಡು, ಎಲ್ಲಿಗೆ ಹಾಕಬೇಕೋ ಅಲ್ಲಿಗೇ ಹಾಕಿದ್ದರು, ಇವಳೇ ಮಾಡಿದ ಪಾಠ, ಯಾರು ಕಟ್ಟಿದ್ರೂ ಹಾಗೇ ಬರೀಬೇಕು, ಬಾಯಿಯ ದುಡ್ಡನ್ನು ಬುಡಕ್ಕೆ ಹಾಕಿದ್ದರು, ಇನ್ನೂರು ಎಂದರೆ ಮೇಲಿನ ಮನೆಯ ಕೂಸು, ಸುಮ್ಮನೆ ಸಾಕಿದ್ದಲ್ಲ, ನಾನೂರು ಎಂದರೆ ಕೂಸು ಸಂಜೆಯವರೆಗೂ ಇರತೊಡಗಿದ್ದು, ಅದು ಹತ್ತು ತಿಂಗಳಿಂದ, ಹತ್ತು ತಿಂಗಳ ಹಿಂದೆ ಏನಾಗಿತ್ತು, ಯಾಕೆ ಇದ್ದಕ್ಕಿದ್ದಂತೆ ಎರಡರಷ್ಟು — ಅಡುಗೆಮನೆ, ಗಂಡ ಲೋಟ ತೊಳೆಯುತ್ತಿದ್ದ, ಸಾಲ ಒಂದು ತೀರ್ಲಿ ಕಣೇ, ತೀರಿದ್ ದಿನಾನೇ, ಆ ಗೋಡೆಯಾಚೆ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು, ಗೋಡೆ ಎಷ್ಟು ತೆಳು ಎಂಬುದು ಇವಳಿಗೆ ಗೊತ್ತು, ಆ ಕಡೆ ಕೂಸು ಬಿಕ್ಕಿದರೂ ಈ ಕಡೆ ಕೇಳುತ್ತದೆ. ಕೇಳಿಸಿಕೊಂಡಿದ್ದಾರೆ, ಕೇಳಿಸಿಕೊಂಡು, ಮಾರನೆಯ ತಿಂಗಳು ಎರಡನೇ ತಾರೀಕು ಬಂದು, ನಾನೂರು.

ಮೇಡಂ ಇಲ್ಲೊಂದು ಸಹಿ ಇಲ್ಲೊಂದು ಸಹಿ ಎನ್ನುತ್ತಿದ್ದಾರೆ, ಪತ್ರ ಹದಿನೈದು ದಿನದಲ್ಲಿ ಕೈಗೆ ಬರತ್ತೆ, ಮನೆ ನಿಮ್ಮದಾಯ್ತು, ಖುಷಿ ಪಡಿ ಮೇಡಂ ಎನ್ನುತ್ತಿದ್ದಾರೆ, ಎಣಿಸಿದ್ದು ಎಣಿಸಿ, ಉಳಿದ ಮೂವತ್ತೆರಡು ಸಾವಿರದ ಚಿಲ್ಲರೆ ಇವಳ ಕಡೆಗೇ ತಳ್ಳಿದ್ದಾರೆ, ಹಲ್ಲಕ್ಕ ತೆಗೆದುಕೊಂಡಳು, ನೇರ ಡಾಕ್ಟರ ಹತ್ತಿರ, ಇವತ್ತೇ, ಈಗಲೇ, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು, ಮಂಚ ಇದ್ದಲ್ಲೇ ಇರಲಿ, ಮೇಜನ್ನು ಮಂಚದ ಪಕ್ಕಕ್ಕೇ ಹಾಕೋಣ, ಅತ್ತೆ ಮಲಗಿಕೊಂಡೇ ಬೈಯಲಿ, ಅಚ್ಚು ಬರುವ ಮುಂಚೆಯೇ ಮೇಣ ಕಾಯಿಸಿ ಇಡಬೇಕು, ಆ ಚೂರು ಹಳದಿಯ ಹಲ್ಲುಗಳು ಡ್ರಾಯರಿನಲ್ಲಿ ಹಾಗೇ ಇವೆ, ಮೇಲಿನ ಒಸಡು ಕೊಂಚ ಮುಂದೆ ಬರಬೇಕು, ಇಲ್ಲ, ಮುಂದೆ ಬರಬೇಕೋ ಹಿಂದೆ ಸರಿಯಬೇಕೋ, ತುಟಿ ಒಳಕ್ಕೆ ಹೋಗಿದೆಯೋ, ದವಡೆ ಅಗಲವೋ ಕಿರಿದೋ, ಎಡಗಡೆ ಅಗಿಯುತ್ತಾರೋ ಬಲಗಡೆಯೋ — ಕಾವಲಿನವನ ಬಾಯಿ ಗೊತ್ತು, ಹೆಡ್‌ಮಾಸ್ತರರ ಬಾಯಿ ಗೊತ್ತು, ಈ ಮೇಡಮ್ಮನದೂ ಗೊತ್ತು, ಮೂರು ವರ್ಷ ಒಂದೇ ಮನೆ, ಒಂದೇ ಮೇಜಿನಲ್ಲಿ ಎದುರುಬದುರು ಊಟ, ನೆನಪು ಮಾಡಿಕೋ, ಅತ್ತೆ ಉಣ್ಣುವಾಗ, ಅತ್ತೆ ನಗುವಾಗ, ನಕ್ಕದ್ದು ಯಾವಾಗ, ಊಟ ಆಯ್ತಾ ಎಂದಾಗ ಆಯ್ತು ಎಂದದ್ದು ಯಾವ ಬಾಯಿಂದ, ಕಣ್ಣು ಮುಚ್ಚಿ ನೋಡಿದಳು, ಅತ್ತೆ ಎದುರಿಗೇ ಇದ್ದಾರೆ, ಕಣ್ಣು ಕಾಣುತ್ತದೆ, ಮೂಗು ಕಾಣುತ್ತದೆ, ಅದರ ಕೆಳಗೆ ಕೈ, ಇನ್ನೊಮ್ಮೆ ನೋಡಿದಳು, ಅಡುಗೆಮನೆಯಲ್ಲಿ, ಮಂಚದ ಮೇಲೆ, ಕೂಸಿನ ಪಕ್ಕ, ಈ ಗಾಜಿನ ಮುಂದೆ, ಕೈ, ಮೇಡಂ ಮೇಡಂ ಎಂದು ಯಾರೋ ಕರೆಯುತ್ತಿದ್ದಾರೆ, ಇನ್ನೊಮ್ಮೆ, ಬಾಯಿಗೆ ಅಡ್ಡ ಹಿಡಿದ ಕೈ, ಸುಕ್ಕುಗಟ್ಟಿದ ಐದು ಬೆರಳು, ಬೆರಳ ಸಂದಿಯಲ್ಲೂ ಏನೂ ಕಾಣದು, ಅತ್ತೆ, ಕೈ ತೆಗೀರಿ ಅತ್ತೆ, ಕೈ